ಒಂದೇ ಗಾಡಿ, ಎರಡು ಓಟ

ಗಂಗಾವತಿಯ ಅಕ್ಕಿ ಗಿರಣಿಗಳ ಸಾಲಿನಲ್ಲಿ ಎರಡು ಬಿಳಿ ಪಿಕಪ್ ಅಕ್ಕಪಕ್ಕ ನಿಲ್ಲುತ್ತವೆ. ಕಂಪನಿ, ಮಾಡೆಲ್ಲು, ವರ್ಷ ಎಲ್ಲ ಒಂದೇ. ಎರಡಕ್ಕೂ ಕೆಎ-37ರ ನಂಬರು. ಒಂದು ಗಾಡಿ ಸೀಸನ್ನಿನಲ್ಲಿ ಸಿರುಗುಪ್ಪ, ಕುರುಗೋಡು ಕಡೆಯಿಂದ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೋಗುತ್ತದೆ, ಉಳಿದ ದಿನ ಹುಬ್ಬಳ್ಳಿ ದಾರಿಯ ಬಾಡಿಗೆ ಹೊಡೆಯುತ್ತದೆ. 1 ಲಕ್ಷ ಕಿಲೋಮೀಟರು ದಾಟಿದೆ. ಆಯಿಲ್, ಫಿಲ್ಟರು, ಟೈರು, ಒಂದು ಸಲ ಕ್ಲಚ್ ಪ್ಲೇಟು ಬಿಟ್ಟರೆ ಬೇರೆ ಖರ್ಚು ಬಂದಿಲ್ಲ. ಇನ್ನೊಂದು ಗಾಡಿಯದು ಗಿರಣಿಯಿಂದ ಗೋದಾಮು, ಗೋದಾಮಿನಿಂದ ಬಜಾರು. ಒಂದೊಂದು ಟ್ರಿಪ್ಪು 3-4 ಕಿಲೋಮೀಟರು. ಅದರ ಮೀಟರು ಇನ್ನೂ 30 ಸಾವಿರ ಮುಟ್ಟಿಲ್ಲ. ಆದರೆ ಕಿತ್ತಳೆ ದೀಪ ಹತ್ತಿಸಿಕೊಂಡು ಸರ್ವೀಸಿಗೆ ಹೋಗಿ ಬಂದದ್ದು ನಾಲ್ಕು ಸಲ. ಅದರ ಮಾಲೀಕನ ಮಾತು ಒಂದೇ: "ನಂದು ಕೆಟ್ಟ ಪೀಸು ಬಂದೈತ್ರಿ."

ಈ ಮಾತನ್ನು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಎಷ್ಟೋ ಪಿಕಪ್ ಮಾಲೀಕರ ಬಾಯಲ್ಲಿ ಕೇಳುತ್ತೇವೆ. ಕೇಳಿದಾಗಲೆಲ್ಲ ತಲೆಯಲ್ಲಿ ಕೊರೆಯುವುದು ಒಂದೇ ಪ್ರಶ್ನೆ. ಪೀಸು ಕೆಟ್ಟದ್ದಾದರೆ ದೂರದ ಓಟದ ಗಾಡಿಗಳಿಗಿಂತ ಊರೊಳಗಿನ ಗಾಡಿಗಳಿಗೇ ಕೆಟ್ಟ ಪೀಸು ಹೆಚ್ಚು ಸಿಗುವುದು ಹೇಗೆ? ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ, ಅಂದರೆ 2020ರ ಏಪ್ರಿಲ್ ನಂತರ, ಡೀಸೆಲ್ ಪಿಕಪ್ಪಿನ ಸ್ವಭಾವವೇ ಬದಲಾಗಿದೆ. ನಾವು ಗಾಡಿ ಆರಿಸುವ ಲೆಕ್ಕ ಮಾತ್ರ ಬದಲಾಗಿಲ್ಲ. ಈಗಲೂ ಶೋರೂಮಿನಲ್ಲಿ ಮೊದಲು ಕೇಳುವುದು "ಎಷ್ಟು ಟನ್ ಹೇರಬಹುದು", ಎರಡನೆಯದು "ಆ್ಯವರೇಜ್ ಎಷ್ಟು", ಮೂರನೆಯದು "ಕಂತು ಎಷ್ಟು ಬರ್ತೈತಿ". ಗಾಡಿ ದಿನಾ ಎಲ್ಲಿ, ಎಷ್ಟು ದೂರ, ಎಷ್ಟು ಹೊತ್ತು ನಿಲ್ಲದೆ ಓಡುತ್ತದೆ ಎಂಬುದನ್ನು ಕೊಳ್ಳುವವನೂ ಹೇಳುವುದಿಲ್ಲ, ಮಾರುವವನೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಗಿರಣಿ ಮುಂದೆ ಕೆಟ್ಟುಹೋದ ಇಪ್ಪತ್ತು ನಿಮಿಷ

ಗಿರಣಿ ಗೇಟಿನ ಮುಂದೆ ಪಾಳಿ. ಆ ಎರಡನೇ ಪಿಕಪ್ ಬಂದು ನಿಂತಿದೆ, ಎಂಜಿನ್ ಚಾಲೂ ಇದೆ. ಇದ್ದಕ್ಕಿದ್ದಂತೆ ಎಂಜಿನ್ನಿನ ಸದ್ದು ಸ್ವಲ್ಪ ಏರುತ್ತದೆ. ಯಾರೂ ಆಕ್ಸಿಲರೇಟರ್ ಮುಟ್ಟಿಲ್ಲ, ಆದರೂ ಆರ್‌ಪಿಎಂ ಮುಳ್ಳು ಮಾಮೂಲಿ ಜಾಗದಿಂದ ಮೇಲೆ ನಿಂತಿದೆ. ಕೆಳಗಿನಿಂದ ಕಾದ ಕಬ್ಬಿಣದ ವಾಸನೆ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಡಬ್ಬಿಯೊಳಗೆ ಚುಕ್ಕಿಗಳಿರುವಂಥ ಒಂದು ಚಿಕ್ಕ ಗುರುತು ಕಿತ್ತಳೆ ಬಣ್ಣದಲ್ಲಿ ಹತ್ತಿದೆ. ಡ್ರೈವರ್ ಬೀಡಿ ಹಚ್ಚಲು ಇಳಿದವನು ವಾಪಸ್ ಕೈ ಹಾಕಿ ಕೀಲಿ ತಿರುವಿ ಬಂದ್ ಮಾಡುತ್ತಾನೆ. "ಸುಮ್ನ ನಿಂತು ಡೀಸೆಲ್ ಕುಡಿಯಾಕ ಹತ್ತೈತಿ." ಅವನ ಮಾತಿನಲ್ಲಿ ತಪ್ಪಿಲ್ಲ, ಗಾಡಿ ನಿಜವಾಗಿಯೂ ಹೆಚ್ಚು ಡೀಸೆಲ್ ಕುಡಿಯುತ್ತಿತ್ತು. ಆದರೆ ಆ ಡೀಸೆಲ್ ಹೋಗುತ್ತಿದ್ದದ್ದು ಸೈಲೆನ್ಸರ್ ದಾರಿಯ ಜಾಲರಿಯಲ್ಲಿ ಕೂತ ಮಸಿಯನ್ನು ಸುಡುವುದಕ್ಕೆ.

ಆ ಜಾಲರಿಯೇ ಡಿಪಿಎಫ್. ಜೇನುಗೂಡಿನಂತೆ ಸಣ್ಣ ಸಣ್ಣ ಕೊಳವೆಗಳಿರುವ ಪಿಂಗಾಣಿಯಂಥ ಗಟ್ಟಿ. ಒಂದು ಕೊಳವೆಯ ಮುಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂದಿನ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಸೋಸಿ ಹೋಗಬೇಕು, ಮಸಿ ಅಲ್ಲೇ ಉಳಿಯಬೇಕು. ಗಾಡಿ ಕೊಪ್ಪಳದಿಂದ ಹುಬ್ಬಳ್ಳಿಯ ತನಕ ಲೋಡಿನಲ್ಲಿ ಎಳೆದುಕೊಂಡು ಹೋದರೆ ಸೈಲೆನ್ಸರ್ ತಾನಾಗಿಯೇ ಕಾದು, ಮಸಿ ಹಾದಿಯಲ್ಲೇ ಸ್ವಲ್ಪ ಸ್ವಲ್ಪ ಉರಿದುಹೋಗುತ್ತದೆ. ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಊರೊಳಗಿನ ಗಾಡಿ ಹಾಗೆ ಕಾಯುವುದೇ ಇಲ್ಲ. ಮಸಿ ಒಂದು ಮಿತಿ ಮುಟ್ಟಿದಾಗ ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಎಂ, ಹೆಚ್ಚುವರಿ ಡೀಸೆಲ್ ಬಿಟ್ಟು ಡಿಪಿಎಫ್ ಅನ್ನು ಸುಮಾರು 600 ಡಿಗ್ರಿಗೆ ಕಾಯಿಸುತ್ತದೆ. ಈ ಕೆಲಸಕ್ಕೆ 15ರಿಂದ 25 ನಿಮಿಷ ಬೇಕು. ನಡುವೆ ಕೀಲಿ ತಿರುವಿದರೆ ಅರ್ಧ ಸುಟ್ಟ ಮಸಿ ಹಾಗೇ ಉಳಿಯುತ್ತದೆ, ಮುಂದಿನ ಟ್ರಿಪ್ಪಿನಲ್ಲಿ ಮತ್ತೆ ಶುರು, ಮತ್ತೆ ಬಂದ್. ಹೀಗೆ ಐದಾರು ಸಲ ಆದರೆ ದೀಪ ಮಿನುಗತೊಡಗುತ್ತದೆ, ಎಂಜಿನ್ ದೀಪ ಜತೆಯಾಗುತ್ತದೆ, ಗಾಡಿ ಎಳೆತ ಕಳೆದುಕೊಂಡು ಲಿಂಪ್ ಮೋಡಿಗೆ ಬೀಳುತ್ತದೆ. ಆ ಹಂತದಲ್ಲಿ ರಸ್ತೆಯಲ್ಲಿ ಓಡಿಸಿದರೂ ಆಗುವುದಿಲ್ಲ. ಸ್ಕ್ಯಾನರ್ ಹಾಕಿ ನಿಲ್ಲಿಸಿಯೇ ಸುಡಿಸಬೇಕು. ಅದಕ್ಕೂ ಮೀರಿದರೆ ಡಿಪಿಎಫ್ ಬಿಚ್ಚಿ ತೊಳೆಸಬೇಕು, ಇಲ್ಲವೇ ಹೊಸದು ಹಾಕಿಸಬೇಕು.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ ಕಡೆ ಆಗುತ್ತಿರುತ್ತದೆ. ಕಾಯಿಸುವುದಕ್ಕೆಂದು ಇಂಜೆಕ್ಟರ್ ತಡವಾಗಿ ಬಿಟ್ಟ ಡೀಸೆಲ್ಲಿನ ಒಂದಿಷ್ಟು ಪಾಲು ಉರಿಯದೆ ಸಿಲಿಂಡರ್ ಗೋಡೆಯಗುಂಟ ಇಳಿದು ಆಯಿಲ್ ಚೇಂಬರ್ ಸೇರುತ್ತದೆ. ಸರಿಯಾಗಿ ಮುಗಿದ ಸುಡುವಿಕೆಯಲ್ಲಿ ಇದು ಕಡಿಮೆ, ಪದೇ ಪದೇ ಅರ್ಧಕ್ಕೆ ನಿಲ್ಲಿಸಿದರೆ ಹೆಚ್ಚು. ಕಾರಟಗಿಯ ಒಂದು ಶೆಡ್ಡಿನಲ್ಲಿ ಇಂಥ ಗಾಡಿಯ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಮಾಲೀಕನಿಗೆ ಸಮಾಧಾನ, ಆಯಿಲ್ ಕಡಿಮೆಯಾಗಿಲ್ಲವಲ್ಲ ಎಂದು. ಮೇಸ್ತ್ರಿ ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಎಳೆದು ತೋರಿಸಿದರು. ಎಳೆ ಬರಲಿಲ್ಲ, ನೀರಿನಂತೆ ಜಾರಿತು. ಮೂಸಿ ನೋಡು ಎಂದು ಕೈ ಮುಂದೆ ಹಿಡಿದರು. "ಏರೈತಲ್ಲ, ಅದು ಆಯಿಲ್ ಅಲ್ಲಪಾ, ಡೀಸೆಲ್. ಇನ್ನೊಂದ್ ತಿಂಗಳು ಹಿಂಗ ಓಡ್ಸಿದ್ರ ಬೇರಿಂಗ್ ಹೊಕ್ಕಾವು." ಹಳೇ ಗಾಡಿಗಳಲ್ಲಿ ಆಯಿಲ್ ಇಳಿದಿದೆಯೇ ಎಂದು ನೋಡುತ್ತಿದ್ದೆವು. ಈಗಿನ ಡೀಸೆಲ್ ಪಿಕಪ್ಪಿನಲ್ಲಿ ಏರಿದೆಯೇ ಎಂದೂ ನೋಡಬೇಕು. ವಾರಕ್ಕೊಮ್ಮೆ, ಬೆಳಿಗ್ಗೆ, ಸಮ ನೆಲದಲ್ಲಿ, ಎಂಜಿನ್ ತಣ್ಣಗಿರುವಾಗ. ಮೇಲಿನ ಗೆರೆ ದಾಟಿದ್ದರೆ ಕಿಲೋಮೀಟರು ಆಗಿರಲಿ ಬಿಡಲಿ ಆಯಿಲ್ಲೂ ಫಿಲ್ಟರೂ ಬದಲಿಸಲೇಬೇಕು.

ಬದಲಿಸುವಾಗ ಯಾವ ಆಯಿಲ್ ಎಂಬುದೂ ಮುಖ್ಯ. ಡಿಪಿಎಫ್ ಇರುವ ಎಂಜಿನ್ನಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಯಾವ ದರ್ಜೆಯದು ಎಂದು ಮ್ಯಾನುಯಲ್ಲಿನಲ್ಲಿ ಬರೆದಿರುತ್ತದೆ. ಮಸಿ ಸುಟ್ಟುಹೋಗುತ್ತದೆ, ಆಯಿಲ್ಲಿನ ಬೂದಿ ಸುಡುವುದಿಲ್ಲ, ಜಾಲರಿಯೊಳಗೆ ಶಾಶ್ವತವಾಗಿ ಕೂರುತ್ತದೆ. ಟ್ರ್ಯಾಕ್ಟರಿಗೆ ತಂದ ಡಬ್ಬಿಯಲ್ಲಿ ಉಳಿದದ್ದನ್ನು ಪಿಕಪ್ಪಿಗೆ ಸುರಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ, ಅದನ್ನು ಬಿಡಬೇಕು.

ದೀಪ ಹತ್ತಿದಾಗ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಬಂದ್ ಮಾಡದೆ ಗಂಗಾವತಿಯಿಂದ ಕಾರಟಗಿ ಕಡೆಗೋ, ರಾಯಚೂರಿನವರು ಲಿಂಗಸುಗೂರು ರಸ್ತೆಗೋ, ಬಳ್ಳಾರಿಯವರು ಹೊಸಪೇಟೆ ಹೆದ್ದಾರಿಗೋ ಹೊರಟು, ಮೇಲಿನ ಗೇರು ಹಾಕದೆ 2,000 ಆರ್‌ಪಿಎಂಗಿಂತ ಸ್ವಲ್ಪ ಮೇಲೆಯೇ ಹಿಡಿದು, ತಡೆಯಿಲ್ಲದೆ 20 ನಿಮಿಷ ಓಡಿಸಿದರೆ ಸಾಕು. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ, ರಿಸರ್ವ್ ದೀಪ ಹತ್ತಿದ್ದರೆ ಹಲವು ಗಾಡಿಗಳು ಸುಡಲು ಶುರುವೇ ಮಾಡುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಎಷ್ಟು ಸಲ ಹೇಳಿದರೂ ಸಾಲದು. ಸುಡುವಾಗ ಅಥವಾ ಸುಟ್ಟ ತಕ್ಷಣ ಗಾಡಿಯನ್ನು ಭತ್ತದ ಹುಲ್ಲಿನ ಮೇಲೆ, ಒಣ ಮೇವಿನ ಬಣವೆ ಪಕ್ಕ, ಹತ್ತಿ ಚೆಲ್ಲಿದ ಅಂಗಳದಲ್ಲಿ ನಿಲ್ಲಿಸಬಾರದು. ಕಣದಲ್ಲಿ ಹುಲ್ಲು ಸೈಲೆನ್ಸರಿಗೆ ಮುಟ್ಟುವಷ್ಟು ಎತ್ತರ ಇರುತ್ತದೆ. ಗಾಡಿಯೂ ಹೋಗುತ್ತದೆ, ಬಣವೆಯೂ ಹೋಗುತ್ತದೆ.

ಕೆಲವರು ಡಿಪಿಎಫ್ ಕೊರೆಸಿ ಖಾಲಿ ಮಾಡಿಸಿ, ಇಸಿಎಂಗೆ ಬೇರೆ ಪ್ರೋಗ್ರಾಮ್ ಹಾಕಿಸಿ "ಸಮಸ್ಯಾನ ಮುಗೀತು" ಎನ್ನುತ್ತಾರೆ. ಕಾನೂನು ಒಪ್ಪುವುದಿಲ್ಲ, ವಾರಂಟಿ ಹೋಗುತ್ತದೆ, ಆ ಮಸಿ ಅದೇ ಬೀದಿಯಲ್ಲಿ ಆಡುವ ಮಕ್ಕಳ ಎದೆಗೆ ಇಳಿಯುತ್ತದೆ. ಇದಕ್ಕೆ ಒಪ್ಪಿಕೊಳ್ಳುವ ಮೇಸ್ತ್ರಿಯ ಹತ್ತಿರ ಬೇರೆ ಕೆಲಸವನ್ನೂ ಮಾಡಿಸಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನಮ್ಮ ನೆಲ, ನೀರು, ಇಲಿ

ಸರ್ವೀಸ್ ಪುಸ್ತಕ ಬರೆದವರಿಗೆ ತೋರಣಗಲ್ಲು-ಸಂಡೂರಿನ ಅದಿರು ರಸ್ತೆ ಕಣ್ಣ ಮುಂದೆ ಇರುವುದಿಲ್ಲ. ಅಲ್ಲಿ ಓಡುವ ಪಿಕಪ್ಪಿನ ಏರ್ ಫಿಲ್ಟರು ಪುಸ್ತಕದಲ್ಲಿ ಹೇಳಿದ ಅರ್ಧ ದೂರಕ್ಕೇ ಕೆಂಪಾಗಿ ಕಟ್ಟಿರುತ್ತದೆ. ಕಟ್ಟಿದ ಫಿಲ್ಟರಿನಿಂದ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಮಸಿ ಹೆಚ್ಚು, ಮಸಿ ಹೆಚ್ಚಾದರೆ ಡಿಪಿಎಫ್ ಬೇಗ ತುಂಬುತ್ತದೆ. ಕಂಪ್ರೆಸರ್ ಇಟ್ಟು ಜೋರಾಗಿ ಊದಿಸುವುದು ಇದಕ್ಕೆ ಮದ್ದಲ್ಲ. ಕಾಗದ ಹರಿದರೆ ಅದಿರಿನ ಪುಡಿ ನೇರ ಟರ್ಬೊಗೆ ಹೋಗುತ್ತದೆ, ಅದರ ರೆಕ್ಕೆಗಳನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ಊದಲೇಬೇಕಿದ್ದರೆ ಒತ್ತಡ ಇಳಿಸಿ ಒಳಗಿನಿಂದ ಹೊರಗೆ. ಎರಡು ಸಲ ಊದಿದ ಮೇಲೆ ಹೊಸದು. ಫಿಲ್ಟರ್ ಬಿಚ್ಚಿದಾಗ ಟರ್ಬೊ ಕಡೆಗಿನ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ ನೋಡಿ. ಬಟ್ಟೆಗೆ ಕೆಂಪು ಹತ್ತಿದರೆ ಫಿಲ್ಟರಿನ ಬೀಡಿಂಗೋ ಪೈಪಿನ ಕ್ಲಿಪ್ಪೋ ಸೋರುತ್ತಿದೆ ಎಂದರ್ಥ. ಇದನ್ನು ಅವತ್ತೇ ಸರಿಮಾಡಿಸಬೇಕು.

ರಾಯಚೂರು ಕಡೆ ಹತ್ತಿ ಹೇರುವ ಗಾಡಿಗಳದ್ದು ಇನ್ನೊಂದು ಕಥೆ. ಅರಳೆಯ ಎಳೆಗಳು ರೇಡಿಯೇಟರ್ ಮತ್ತು ಇಂಟರ್‌ಕೂಲರಿನ ನಡುವೆ ಕಂಬಳಿಯಂತೆ ಕೂರುತ್ತವೆ. ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಏಪ್ರಿಲ್-ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಲೋಡು ಎಳೆಯುವಾಗ ಟೆಂಪರೇಚರ್ ಮುಳ್ಳು ಏರಿದಾಗಲೇ ಗೊತ್ತಾಗುವುದು. ನೀರು ಹೊಡೆಯುವಾಗ ಎಂಜಿನ್ ಕಡೆಯಿಂದ ಹೊರಮುಖವಾಗಿ, ಜೋರಿಲ್ಲದೆ ಹೊಡೆಯಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಕಸ ಇನ್ನೂ ಒಳಗೆ ಸೇರುತ್ತದೆ, ತೆಳು ಪಟ್ಟಿಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಕೂಲೆಂಟ್ ಕಡಿಮೆಯಾದಾಗ ಹೊಲದ ಬೋರಿನ ನೀರು ಸುರಿಯುವುದಂತೂ ಬೇಡವೇ ಬೇಡ. ನಮ್ಮ ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಪದರು ರೇಡಿಯೇಟರಿನ ಕೊಳವೆಗಳಲ್ಲೂ, ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರಿನಲ್ಲೂ ಕಟ್ಟುತ್ತದೆ. ಒಂದು ಲೀಟರ್ ರೆಡಿ ಕೂಲೆಂಟ್ ಸೀಟಿನ ಹಿಂದೆ ಇಟ್ಟುಕೊಂಡರೆ ಮುಗಿಯಿತು.

ಗಿರಣಿ, ಗೋದಾಮುಗಳಲ್ಲಿ ರಾತ್ರಿ ನಿಲ್ಲುವ ಗಾಡಿಗೆ ಇಲಿ ಕಾಟ. ಈಗಿನ ಪಿಕಪ್ಪಿನಲ್ಲಿ ಸೆನ್ಸರುಗಳು ಬಹಳ. ಸೈಲೆನ್ಸರಿನ ಬಿಸಿ ಅಳೆಯಲು, ಡಿಪಿಎಫ್ ಹಿಂದೆ ಮುಂದೆ ಒತ್ತಡ ಅಳೆಯಲು, ಗಾಳಿ ಅಳೆಯಲು. ಒಂದು ವೈರು ತುಂಡಾದರೂ ಇಸಿಎಂ ಸುಡುವ ಕೆಲಸವನ್ನೇ ನಿಲ್ಲಿಸುತ್ತದೆ. ಒತ್ತಡ ಅಳೆಯುವ ಸೆನ್ಸರಿಗೆ ಹೋಗುವ ಎರಡು ಚಿಕ್ಕ ರಬ್ಬರ್ ಪೈಪುಗಳಲ್ಲಿ ಒಂದು ಬಿರುಕು ಬಿಟ್ಟರೂ, ಕಳಚಿದರೂ ತಪ್ಪು ಲೆಕ್ಕ. ಆದ್ದರಿಂದ "ಸೆನ್ಸರ್ ಹೋಗೈತಿ, ಬದಲಿ ಮಾಡಬೇಕು" ಎಂದು ಯಾರು ಹೇಳಿದರೂ ಮೊದಲು ವೈರಿಂಗ್ ಗುಂಟ ಕೈಯಾಡಿಸಿ ನೋಡಿಸಿ, ಪೈಪುಗಳನ್ನು ನೋಡಿಸಿ, ಆಮೇಲೆ ದುಡ್ಡು ಕೊಡಿ. ಬಾಡಿ ಕಟ್ಟಿಸುವವರಿಗೂ ಇದೇ ಜಾಗದಲ್ಲಿ ಒಂದು ಮಾತು: ಕ್ಯಾಬಿನ್ ಚಾಸಿ ತಂದು ಊರಲ್ಲಿ ಬಾಡಿ ಮಾಡಿಸುವಾಗ ವೆಲ್ಡಿಂಗ್ ಶುರುವಾಗುವ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಸಿ, ಅರ್ತಿಂಗ್ ಕ್ಲಾಂಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿಸಿ, ಚಾಸಿಯ ಮೇಲಿನ-ಕೆಳಗಿನ ಅಂಚುಗಳಿಗೆ ವೆಲ್ಡಿಂಗನ್ನಾಗಲಿ ಡ್ರಿಲ್ಲನ್ನಾಗಲಿ ಮುಟ್ಟಿಸಬೇಡಿ. ಟರ್ಮಿನಲ್ ಬಿಚ್ಚದ ಒಂದು ವೆಲ್ಡಿಂಗಿಗೆ ಇಸಿಎಂ ಸತ್ತುಹೋಗಬಹುದು.

ಡೀಸೆಲ್ ಮುಚ್ಚಳದ ಹತ್ತಿರ ನೀಲಿ ಮುಚ್ಚಳ ಇನ್ನೊಂದಿದ್ದರೆ ಆ ಗಾಡಿಗೆ ಹೊಗೆಯ ವಿಷಾನಿಲ ತಗ್ಗಿಸುವ ಡೆಫ್ ದ್ರವ ಬೇಕು. ಎಲ್ಲ ಪಿಕಪ್ಪುಗಳಿಗೂ ಇರುವುದಿಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಡೆಫ್ ಅಂದರೆ 32.5 ಪಾಲು ಯೂರಿಯಾ, 67.5 ಪಾಲು ಖನಿಜಾಂಶ ತೆಗೆದ ಶುದ್ಧ ನೀರು. ಯೂರಿಯಾ ಎಂದ ಕೂಡಲೇ ಭತ್ತದ ನಾಡಿನವರಿಗೆ ಮನೆಯಲ್ಲಿರುವ 45 ಕೆಜಿ ಚೀಲ ನೆನಪಾಗುತ್ತದೆ. ಅದನ್ನೇ ಕರಗಿಸಿ ಸೋಸಿ ಹಾಕಿದವರೂ ಇದ್ದಾರೆ. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪ ಇರುತ್ತದೆ, ಬೈಯುರೆಟ್ ಎಂಬ ಕಲ್ಮಶ ಇರುತ್ತದೆ, ಕರಗಿಸಿದ ನೀರಿನಲ್ಲಿ ಸುಣ್ಣದಂಶ ಇರುತ್ತದೆ. ಇವೆಲ್ಲ ಡೆಫ್ ಇಂಜೆಕ್ಟರಿನ ತುದಿಯಲ್ಲಿ ಕಲ್ಲಾಗಿ ಕೂರುತ್ತವೆ, ಅದರ ಮುಂದೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟನ್ನು ಕೆಡಿಸುತ್ತವೆ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧವೂ ಹೌದು. ಒಳ್ಳೆಯ ಡೆಫ್ ಕೂಡ ನಮ್ಮ ಬಿಸಿಲಿಗೆ ಹೆದರುತ್ತದೆ: 30 ಡಿಗ್ರಿಯೊಳಗೆ ಇಟ್ಟರೆ ಸುಮಾರು ವರ್ಷ ಬಾಳುವುದು 35 ಡಿಗ್ರಿಯಲ್ಲಿ ಆರು ತಿಂಗಳಿಗೆ ಇಳಿಯುತ್ತದೆ. ಅಂಗಡಿ ಮುಂದೆ ಬಿಸಿಲಿಗೆ ಜೋಡಿಸಿಟ್ಟ ಬಕೆಟು ಬೇಡ, ಒಳಗಿನಿಂದ ತಂದುಕೊಡಿ ಎನ್ನಿ, ತಾರೀಖು ನೋಡಿ.

ಇಪ್ಪತ್ತು ಚೀಲದ ಲೆಕ್ಕ

ತುಂಗಭದ್ರೆಯ ಎಡದಂಡೆಯಲ್ಲಿ ಭತ್ತದ ಚೀಲ 75 ಕೆಜಿಯದು. 1,500 ಕೆಜಿ ಸಾಮರ್ಥ್ಯದ ಟಾಟಾ ಇಂಟ್ರಾ ವಿ-50ಕ್ಕೆ ಲೆಕ್ಕ ಸರಿಯಾಗಿ 20 ಚೀಲ. 1,300 ಕೆಜಿಯ ಇಂಟ್ರಾ ವಿ-30ಕ್ಕೆ 17. 1.7 ಟನ್ನಿನ ಬೊಲೆರೊ ಪಿಕಪ್ಪಿಗೆ 22. 2 ಟನ್ನಿನ ಟಾಟಾ ಯೋಧಾಕ್ಕೆ 26. ಈ ಅಂಕಿಗಳು ಕಂಪನಿಯ ಬಾಡಿಯ ಮೇಲಿನವು. ಊರಲ್ಲಿ ದಪ್ಪ ಆ್ಯಂಗಲ್ ಹಾಕಿ, ತಗಡು ಹೊದಿಸಿ, ಮೇಲೆ ಜಾಲರಿ ಏರಿಸಿ ಕಟ್ಟಿಸಿದ ಬಾಡಿಯ ಹೆಚ್ಚುವರಿ ತೂಕ ಎಷ್ಟೋ ಅಷ್ಟು ಚೀಲ ಇದರಲ್ಲಿ ಕಳೆಯಬೇಕು. ಖಾಲಿ ಗಾಡಿಯನ್ನು ಒಮ್ಮೆ ವೇಬ್ರಿಜ್ಜಿನಲ್ಲಿ ತೂಗಿಸಿ, ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಕಳೆದರೆ ನಿಜವಾದ ಸಾಮರ್ಥ್ಯ ಸಿಗುತ್ತದೆ. ಸುಗ್ಗಿಯಲ್ಲಿ ಇದೇ ಗಾಡಿಗಳ ಮೇಲೆ 40 ಚೀಲ ಹೇರುವುದನ್ನು ನೋಡುತ್ತೇವೆ. 40 ಚೀಲ ಎಂದರೆ 3,000 ಕೆಜಿ.

"ಪಟ್ಟಿ ಏರಿಸಿದೀವಲ್ರಿ" ಎಂಬುದು ಸಿದ್ಧ ಉತ್ತರ. ಹಿಂದಿನ ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ಗಾಡಿ ಕೂರುವುದಿಲ್ಲ, ನಿಜ. ಆದರೆ ಆ್ಯಕ್ಸಲ್, ಬೇರಿಂಗು, ಹಬ್ಬು, ಚಾಸಿ, ಕ್ಲಚ್ಚು ಹಳೆಯವೇ. ಇದಕ್ಕಿಂತ ಅಪಾಯದ್ದು ಬ್ರೇಕಿನದು. ಹಲವು ಪಿಕಪ್ಪುಗಳಲ್ಲಿ ಹಿಂದಿನ ಆ್ಯಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ ಇರುತ್ತದೆ. ಲೋಡು ಬಿದ್ದು ಚಾಸಿ ಕೆಳಗಿಳಿದಾಗ ಆ ಕಡ್ಡಿ ಒಂದು ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪಟ್ಟಿ ಏರಿಸಿದರೆ ಲೋಡು ಇದ್ದರೂ ಚಾಸಿ ಇಳಿಯುವುದಿಲ್ಲ. ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ, ಹಿಂದಿನ ಬ್ರೇಕಿಗೆ ಖಾಲಿ ಗಾಡಿಯ ಒತ್ತಡ ಮಾತ್ರ ಹೋಗುತ್ತದೆ. 3 ಟನ್ ಭಾರವನ್ನು ಮುಂದಿನ ಎರಡು ಡಿಸ್ಕುಗಳೇ ತಡೆಯಬೇಕು, ಸಂಡೂರಿನ ಘಟ್ಟದ ಇಳಿಜಾರಿನಲ್ಲಿ ಅವು ಕಾದು ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಪಟ್ಟಿ ಏರಿಸುವ ಅಂಗಡಿಗಳಲ್ಲಿ ಈ ಕಡ್ಡಿಯನ್ನು ಯಾರೂ ಮುಟ್ಟುವುದಿಲ್ಲ. ಕೆಲವರು ಅಡ್ಡ ಬರುತ್ತದೆಂದು ಕಳಚಿ ತಂತಿಯಲ್ಲಿ ಕಟ್ಟಿಬಿಟ್ಟಿರುತ್ತಾರೆ.

ದಂಡದ ಲೆಕ್ಕವೂ ಇರಲಿ: 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಇನ್ನು ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೆಣ್ಣುಮಕ್ಕಳನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವ ವಿಷಯ. ಸರಕಿನ ಗಾಡಿಯಲ್ಲಿ ಹಾಗೆ ಕರೆದೊಯ್ದವರಿಗೆ ಥರ್ಡ್ ಪಾರ್ಟಿ ವಿಮೆ ಹೊಣೆ ಹೊರುವುದಿಲ್ಲ. ಕೋರ್ಟು ಹೇಳಿ ವಿಮಾ ಕಂಪನಿ ಮೊದಲು ಕೊಟ್ಟರೂ ಮಾಲೀಕನಿಂದ ವಸೂಲು ಮಾಡುತ್ತದೆ. ದುಡ್ಡಿನ ಮಾತು ಬಿಡಿ, ಆ ಗಾಡಿ ಪಲ್ಟಿಯಾದರೆ ಹಿಡಿದುಕೊಳ್ಳಲು ಏನೂ ಇಲ್ಲದ ಇಪ್ಪತ್ತು ಜೀವ ಅದರಲ್ಲಿರುತ್ತವೆ. ಆ ಬಾಡಿಗೆ ಬೇಡ.

ಹೊಸದು ಕೊಳ್ಳುವವರಿಗೆ

ಸರಕು ಗಾಡಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18ಕ್ಕೆ ಇಳಿದಿದೆ. ಜಿಎಸ್‌ಟಿ ನಂಬರ್ ಇರುವ ವ್ಯಾಪಾರಿಗಳು ಆ 18ನ್ನೂ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯುವ ದಾರಿ ಇದೆ, ಬಿಲ್ಲು ಯಾರ ಹೆಸರಿಗೆ ಎಂಬುದನ್ನು ಬುಕಿಂಗ್ ದಿನವೇ ತೀರ್ಮಾನಿಸಬೇಕು. ಒಟ್ಟು ತೂಕ 3,000 ಕೆಜಿ ಮೀರದ ಗಾಡಿಗೆ ಪರ್ಮಿಟ್ ಬೇಕಿಲ್ಲ, ಮೀರಿದರೆ ಬೇಕು. ಆಂಧ್ರ, ತೆಲಂಗಾಣ ಗಡಿ ದಾಟುವ ಬಳ್ಳಾರಿ, ರಾಯಚೂರಿನವರಿಗೆ ಇದು ದೊಡ್ಡ ವ್ಯತ್ಯಾಸ. ಲೈಸೆನ್ಸಿನ ಗೊಂದಲವೂ ಈಗ ಇಲ್ಲ. 7,500 ಕೆಜಿಯೊಳಗಿನ ಸರಕು ಗಾಡಿಯನ್ನು ಎಲ್‌ಎಂವಿ (ಹಗುರ ವಾಹನ) ಲೈಸೆನ್ಸಿನವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ವಿಮೆ ಮಾಡಿಸುವಾಗ ಐಎಂಟಿ-23 ಎಂಬ ಹೆಚ್ಚುವರಿ ರಕ್ಷಣೆ ಸೇರಿದೆಯೇ ನೋಡಿ. ಅದಿಲ್ಲದಿದ್ದರೆ ಸಣ್ಣ ಅಪಘಾತದಲ್ಲಿ ಬಂಪರು, ಹೆಡ್‌ಲೈಟು, ಮಡ್‌ಗಾರ್ಡು, ಟೈರು ಇವಕ್ಕೆ ಕ್ಲೇಮ್ ಬರುವುದಿಲ್ಲ. ಪಿಕಪ್ಪಿಗೆ ಮೊದಲು ಪೆಟ್ಟು ಬೀಳುವುದೇ ಇವಕ್ಕೆ.

ಇಷ್ಟು ಕಾಗದದ ಮಾತು. ಗಾಡಿಯ ಮಾತಿಗೆ ಬಂದರೆ, ದಿನದ ಓಟ ಹೆಚ್ಚಾಗಿ ಊರೊಳಗೆ, ತುಂಡು ತುಂಡು ಟ್ರಿಪ್ಪು, ಲೋಡು 1 ಟನ್ನಿನ ಒಳಗೆ ಇದ್ದರೆ ಡೀಸೆಲ್ ಕಡೆ ಹೋಗಲೇಬೇಡಿ. "ಪಿಕಪ್ ಅಂದ್ರ ಡೀಸೆಲ್" ಎಂಬುದು ಬಿಎಸ್-4 ಕಾಲದ ಮಾತು. 1,000 ಕೆಜಿ ಹೊರುವ, ಸಿಎನ್‌ಜಿ ಮತ್ತು ಪೆಟ್ರೋಲ್ ಎರಡರಲ್ಲೂ ಓಡುವ ಇಂಟ್ರಾ ವಿ-20ಯಂಥ ಗಾಡಿಗಳು 2022ರಿಂದ ಇವೆ. ಇವುಗಳಲ್ಲಿ ಡೀಸೆಲ್ ಮಸಿಯ ಕಾಟವಿಲ್ಲ. ಆದರೆ ನಿಮ್ಮ ದಾರಿಯಲ್ಲೇ ಸಿಎನ್‌ಜಿ ಬಂಕ್ ಇರಬೇಕು, ಅಲ್ಲಿ ಒತ್ತಡ 200 ಬಾರ್ ತನಕ ತುಂಬಬೇಕು. ಸಂಜೆ ಪಾಳಿ ಹೆಚ್ಚಾದಾಗ 150ಕ್ಕೇ ನಿಂತರೆ ಸಿಲಿಂಡರಿನಲ್ಲಿ ಮುಕ್ಕಾಲಿನಷ್ಟೇ ಗ್ಯಾಸು. ಬುಕ್ ಮಾಡುವ ಮೊದಲು ಎರಡು ಮೂರು ದಿನ ಬೇರೆ ಬೇರೆ ಹೊತ್ತಿಗೆ ಆ ಬಂಕಿಗೆ ಹೋಗಿ ಗೇಜು ನೋಡಿ ಬನ್ನಿ. ಸಿಲಿಂಡರನ್ನು 3 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಪೆಟ್ರೋಲು, ಸಿಎನ್‌ಜಿ ಎಂಜಿನ್ನಿಗೆ ಡೀಸೆಲ್ಲಿನ ಎಳೆತ ಇರುವುದಿಲ್ಲ, ಕಾಲುವೆ ಏರಿಯ ಕೆಸರಿನಿಂದ ಲೋಡು ಕೀಳುವ ಕೆಲಸ ಇದ್ದವರಿಗೆ ಒಗ್ಗುವುದಿಲ್ಲ.

ಸಿಂಧನೂರಿನ ಒಂದು ಬೆಳಿಗ್ಗೆ

ಸಿಂಧನೂರಿನಲ್ಲಿ ಮಾವ, ಅಳಿಯ ಸೇರಿ ಮೂರು ವರ್ಷದ ಹಳೇ ಡೀಸೆಲ್ ಪಿಕಪ್ ನೋಡಲು ಬಂದಿದ್ದರು. ಜತೆಗೆ ಅವರೇ ಕರೆತಂದ ಮೇಸ್ತ್ರಿ. ಮಾರುವವನು ಇವರು ಬರುವ ಮೊದಲೇ ಗಾಡಿ ಚಾಲೂ ಮಾಡಿ ನಿಲ್ಲಿಸಿದ್ದ. ಮೇಸ್ತ್ರಿ ಬಾನೆಟ್ ಎತ್ತಿ ಎಂಜಿನ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. "ನಾಳೆ ಬರ್ತೀವಿ, ನಾವು ಬರೂತನ ಕೀಲಿ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೊರಟೇಬಿಟ್ಟರು.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿತ್ತು. ಮೊದಲು ಡಿಪ್‌ಸ್ಟಿಕ್: ಮೇಲಿನ ಗೆರೆಗೆ ಸರಿಯಾಗಿ ಇತ್ತು, ಬಣ್ಣ ಹೊಸದು. ಮಾರುವ ಮುನ್ನ ಆಯಿಲ್ ಬದಲಿಸಿದ್ದಾರೆ ಎಂದು ಮೇಸ್ತ್ರಿ ಅಳಿಯನ ಕಿವಿಯಲ್ಲಿ ಹೇಳಿದರು. ಆಮೇಲೆ ಸೈಲೆನ್ಸರಿನ ಬಾಯೊಳಗೆ ಬೆರಳು ಹಾಕಿ ಒರೆಸಿದರು. ಡಿಪಿಎಫ್ ಸರಿಯಿದ್ದರೆ ಅಲ್ಲಿ ಮಸಿ ಇರಬಾರದು, ಬೆರಳು ಕಪ್ಪಾದರೆ ಜಾಲರಿ ಒಡೆದಿದೆ ಅಥವಾ ತೆಗೆಸಿದ್ದಾರೆ ಎಂದರ್ಥ. ಬೆರಳಿಗೆ ಬರೀ ಧೂಳು ಹತ್ತಿತು. ಗಾಡಿ ಕೆಳಗೆ ಗೋಣಿಚೀಲ ಹಾಸಿ ಮಲಗಿ ಹಿಂದಿನ ಕಮಾನಿನ ಹ್ಯಾಂಗರ್ ಹತ್ತಿರ, ಕ್ಯಾಬಿನ್ ಹಿಂದೆ ಚಾಸಿಯ ಮೇಲೆ ಟಾರ್ಚ್ ಬಿಟ್ಟು ನೋಡಿದರು. ವೆಲ್ಡಿಂಗ್ ಇಲ್ಲ, ಹೊಸ ಬಣ್ಣದ ತೇಪೆ ಇಲ್ಲ, ಬ್ರೇಕ್ ವಾಲ್ವಿನ ಕಡ್ಡಿ ಜಾಗದಲ್ಲೇ ಇತ್ತು. ಕಡೆಗೆ ಸ್ಕ್ಯಾನರ್. ಹಳೆಯ ಕೋಡು ಒಂದೂ ಇರಲಿಲ್ಲ, ಬ್ಯಾಟರಿ ಕಳಚಿ, ಸ್ಕ್ಯಾನರ್ ಹಾಕಿ ಅಳಿಸಿದರೂ ಹಾಗೆ ಕಾಣುತ್ತದೆ. ಹಾಗಾಗಿ ಮೇಸ್ತ್ರಿ ಕೋಡು ಬಿಟ್ಟು ಎರಡೇ ಅಂಕಿ ಓದಿದರು: ಡಿಪಿಎಫ್‌ನಲ್ಲಿ ಈಗ ಎಷ್ಟು ಮಸಿ, ಕಳೆದ ಸಲ ಪೂರ್ತಿ ಸುಟ್ಟು ಎಷ್ಟು ಕಿಲೋಮೀಟರಾಯಿತು. ಎರಡೂ ಚೆನ್ನಾಗಿದ್ದವು. ಮಾರುವವನು ದಿನಾ ರಾಯಚೂರಿಗೆ ಹೋಗಿಬರುತ್ತಿದ್ದವನು.

ಕಾಗದವನ್ನು ಅಳಿಯ ಮೊಬೈಲಿನಲ್ಲೇ ತೆಗೆದ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು) ಇತ್ತು, 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ವಿಮೆ ಇತ್ತು. ಆರ್‌ಸಿಯಲ್ಲಿ ಸಾಲದ ಗುರುತು ಹಾಗೇ ಇತ್ತು. ಸಾಲ ತೀರಿದೆ ಎಂದು ಮಾರುವವನು ಹೇಳಿದರೂ ಫೈನಾನ್ಸಿನವರ ಎನ್‌ಒಸಿ ಮತ್ತು ಸಾಲದ ಗುರುತು ತೆಗೆಸಲು ಸಹಿ ಹಾಕಿದ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬಾರದು, ಗಾಡಿ ಹೆಸರಿಗೆ ಮಾಡಿಸುವ 29 ಮತ್ತು 30ನೇ ಫಾರಂಗಳ ಜತೆಗೆ ಅದೂ ಸೇರಬೇಕು ಎಂದು ಮಾವ ಪಟ್ಟು ಹಿಡಿದರು. ಮಾರುವವನು ಒಪ್ಪಿದ. ದರವೂ ಹೊಂದಿತು.

ಕೈ ತೊಳೆದುಕೊಳ್ಳುತ್ತ ಮೇಸ್ತ್ರಿ ಕೇಳಿದರು, "ಗಾಡಿ ಛಲೋ ಐತಿ. ನೀವು ಎಲ್ಲಿ ಓಡಸಾವ್ರು?" ಕಿರಾಣಿ ಹೋಲ್‌ಸೇಲ್ ಅಂಗಡಿ, ಊರಲ್ಲೇ ಚಿಲ್ಲರೆ ಅಂಗಡಿಗಳಿಗೆ ಸರಬರಾಜು ಎಂದ ಅಳಿಯ. "ದಿನಕ್ಕ ಎಷ್ಟು ಕಿಲೋಮೀಟರು?" ಅಳಿಯನಿಗೆ ಗೊತ್ತಿರಲಿಲ್ಲ. ಬಾಡಿಗೆ ಆಟೊದವನಿಗೆ ಫೋನ್ ಹಚ್ಚಿ ಕೇಳಿದರು. ಅವನು ಲೆಕ್ಕ ಹಾಕಿ ಹೇಳಿದ: ಸೋಮವಾರ 14, ಮಂಗಳವಾರ 11, ಸಂತೆ ದಿನ 19, ಒಂದೊಂದು ಅಂಗಡಿ ಮುಂದೆ ಹತ್ತು ಹದಿನೈದು ನಿಮಿಷ ನಿಲುಗಡೆ. ಹೆಚ್ಚೆಂದರೆ 8 ಕ್ವಿಂಟಲ್ ಲೋಡು. ಮೇಸ್ತ್ರಿ ಟವೆಲ್ ಹೆಗಲಿಗೆ ಹಾಕಿಕೊಂಡು ಮಾವನ ಕಡೆ ನೋಡಿದರು. "ಇದು ನಿಮ್ಮ ಕೈಯಾಗ ಆರು ತಿಂಗಳಿಗೆ ದೀಪ ಹಚ್ಚತೈತಿ ನೋಡ್ರಿ." ಮಾವ ಅಡ್ವಾನ್ಸಿಗೆಂದು ತೆಗೆದಿದ್ದ ನೋಟುಗಳನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಊರಲ್ಲಿ ಸಿಎನ್‌ಜಿ ಸಂಜೆ ಹೊತ್ತು ಎಷ್ಟು ಬಾರ್ ಬರುತ್ತದೆ ಎಂದು ಕೇಳಿದರು.